ಹಳೆಯ ಕಾಗದದ ಚಿತ್ರಕ್ಕೆ ಕಟ್ಟು ಹಾಕಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ವಾಟ್ಸಾಪಿನಲ್ಲಿ ಫೋಟೊ ಕಳಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಉತ್ತರಗಳ ಹಿಂದೆ ಇರುವುದು ಒಂದೇ ಲೆಕ್ಕ. ಇವತ್ತು ನಾವು ಮಾಡಿದ್ದನ್ನು ಮುಂದೆ ಇನ್ನೊಬ್ಬರು ಚಿತ್ರಕ್ಕೆ ಪೆಟ್ಟಾಗದ ಹಾಗೆ ಬಿಚ್ಚಲು ಬರಬೇಕು.

## ಶುರುವಿಗೆ

ಅಜ್ಜನ ಕಾಲದ ಚಿತ್ರ ಐತಿ. ಹಳೇ ಕಟ್ಟು ಬಿಚ್ಚೋದಾ, ಹಂಗೇ ಬಿಡೋದಾ?

ಬಹಳಷ್ಟು ಸಲ ಬಿಚ್ಚುವುದೇ ಒಳ್ಳೆಯದು. ಆದರೆ ಅವಸರ ಬೇಡ. ಮೊದಲು ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಾಗದ ಎಲ್ಲಾದರೂ ಗಾಜಿಗೆ ಅಂಟಿದ್ದರೆ ಆ ಜಾಗ ಒದ್ದೆಯಾದ ಹಾಗೆ ಗಾಢವಾಗಿ ಕಾಣುತ್ತದೆ. ಹಾಗಿದ್ದರೆ ಬಿಚ್ಚಲು ಹೋಗಬೇಡಿ, ಬಣ್ಣ ಗಾಜಿನ ಜೊತೆಗೇ ಎದ್ದು ಬರುತ್ತದೆ. ಹಳೆಯ ಕಪ್ಪು ಬಿಳುಪು ಫೋಟೊಗಳಲ್ಲಿ ಇದು ಜಾಸ್ತಿ. ಫೋಟೊದ ಮೇಲ್ಪದರ ಜೆಲಟಿನ್, ಒಮ್ಮೆ ತೇವ ಕುಡಿದರೆ ಗಾಜನ್ನು ಬಿಡುವುದಿಲ್ಲ.

ಅಂಟಿಲ್ಲ ಅಂತ ಖಾತ್ರಿಯಾದರೆ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಗಾಜು ಕೆಳಗೆ ಬರುವ ಹಾಗೆ ಇಡಿ. ಹಿಂದಿನ ಮೊಳೆಗಳು ತುಕ್ಕು ಹಿಡಿದಿರುತ್ತವೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಅದು ಜಾರಿದರೆ ಹಲಗೆ ದಾಟಿ ಕಾಗದಕ್ಕೇ ಚುಚ್ಚುತ್ತದೆ. ಇಕ್ಕಳದಿಂದ ಒಂದೊಂದಾಗಿ ಎಳೆಯಿರಿ. ಬಿಚ್ಚುವ ಮುಂಚೆ ಹಿಂದು ಮುಂದು ಎರಡೂ ಕಡೆ ಫೋಟೊ ತೆಗೆದಿಟ್ಟುಕೊಳ್ಳಿ. ಹಿಂಭಾಗದಲ್ಲಿ ಅಂಗಡಿಯ ಚೀಟಿಯೋ, ಮದುವೆ ಉಡುಗೊರೆ ಅಂತ ಬರೆದ ತಾರೀಕೋ ಇದ್ದರೆ ಎಸೆಯಬೇಡಿ. ಚಿತ್ರದ ವಯಸ್ಸು ಹೇಳುವ ಸಾಕ್ಷಿ ಮನೆಯಲ್ಲಿ ಅದೊಂದೇ ಇರಬಹುದು.

ಮರದ ಕಟ್ಟು ಚೆನ್ನಾಗಿದ್ದರೆ ಅದನ್ನೇ ಮತ್ತೆ ಬಳಸಿ. ಹಳೇ ತೇಗದ ಕಟ್ಟನ್ನು ಬಿಸಾಕಿ ಫೈಬರ್ ಹಾಕಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಬದಲಿಸಬೇಕಾದದ್ದು ಒಳಗಿನ ಹಲಗೆ, ಅಂಟು, ಕಾಗದಗಳನ್ನು. ಕಟ್ಟನ್ನಲ್ಲ.

ಕಾಗದ ಹಳದಿ ಆಗಿ ಹಪ್ಪಳದಂಗೆ ಮುರೀತತಿ. ಯಾಕೆ?

ಆಮ್ಲದಿಂದ. 19ನೇ ಶತಮಾನದ ನಡುವಿನಿಂದ ಮುಂದೆ ಬಟ್ಟೆ ಚಿಂದಿಯ ಕಾಗದ ಹಿಂದೆ ಸರಿಯುತ್ತಾ ಮರದ ತಿರುಳಿನ ಕಾಗದ ಬಂತು. ಮರದಲ್ಲಿ ಲಿಗ್ನಿನ್ ಇರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ, ಆಮ್ಲವನ್ನೂ ಹುಟ್ಟಿಸುತ್ತದೆ. ಇದರ ಜೊತೆಗೆ, ಶಾಯಿ ಹರಡದಿರಲಿ ಅಂತ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಆ ಪಟಿಕವೂ ಆಮ್ಲ ಹುಟ್ಟಿಸುತ್ತದೆ. ಆಮ್ಲ ಕಾಗದದ ನಾರನ್ನು ಒಳಗೊಳಗೇ ತುಂಡು ಮಾಡುತ್ತಾ ಹೋಗುತ್ತದೆ. ಶಾಖ ಹೆಚ್ಚಿದಷ್ಟೂ ಈ ಕೆಲಸ ಜೋರು. ನಮ್ಮ ಕಡೆಯ ಏಪ್ರಿಲ್ ತಿಂಗಳು ಇದಕ್ಕೆ ಹೇಳಿ ಮಾಡಿಸಿದ್ದು.

ಅದಕ್ಕೇ 200 ವರ್ಷ ಹಳೆಯ ಕೈಕಾಗದ ಇನ್ನೂ ಗಟ್ಟಿಯಾಗಿರುತ್ತದೆ. 1950ರ ಕ್ಯಾಲೆಂಡರ್ ಮುಟ್ಟಿದರೆ ಪುಡಿಯಾಗುತ್ತದೆ.

ಇದು ರವಿವರ್ಮ ಬರೆದದ್ದೇ ಅಂತ ನಮ್ಮ ಮಾವ ಹೇಳ್ತಾರೆ. ಹೌದಾ?

ಕಾಗದದ ಮೇಲಿದ್ದರೆ ಹೆಚ್ಚಾಗಿ ಅದು ಮುದ್ರಿತ ಪ್ರತಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದರು. ಮುಂದೆ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು ಅಚ್ಚು ಹಾಕುತ್ತಿದ್ದರು. ದಾವಣಗೆರೆಯ ಹಳೇ ಮನೆಗಳ ಲಕ್ಷ್ಮಿ, ಸರಸ್ವತಿ ಬಹುಪಾಲು ಹೀಗೆ ಬಂದವರೇ.

ಭೂತಗನ್ನಡಿ ಹಿಡಿದು ನೋಡಿ. ಚುಕ್ಕೆಗಳು ಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಕೂತಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಚುಕ್ಕೆಗಳು ಅಡ್ಡಾದಿಡ್ಡಿಯಾಗಿ, ಒಂದೊಂದು ಒಂದೊಂದು ಗಾತ್ರದಲ್ಲಿ ಇದ್ದರೆ ಕಲ್ಲಚ್ಚಿನದ್ದು. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು, ‘ಕಾರ್ಲಾ-ಲೋಣಾವಳಾ’ ಅಂತ ಊರಿನ ಹೆಸರು ಇರಬಹುದು. ಎಷ್ಟೋ ಕಡೆ ಕಟ್ಟಿನ ಅಳತೆಗೆ ಹೊಂದಲಿ ಅಂತ ಆ ಅಂಚನ್ನೇ ಕತ್ತರಿಸಿದ್ದಾರೆ. ನಿಮ್ಮದರಲ್ಲಿ ಉಳಿದಿದ್ದರೆ ನೀವು ಪುಣ್ಯವಂತರು. ಕಟ್ಟನ್ನು ಚಿತ್ರದ ಅಳತೆಗೆ ಮಾಡಿಸಿ. ಕಟ್ಟಿಗಾಗಿ ಚಿತ್ರ ಕತ್ತರಿಸಲು ಯಾರಿಗೂ ಬಿಡಬೇಡಿ.

ಲ್ಯಾಮಿನೇಷನ್ ಮಾಡಿಸಿಬಿಟ್ರೆ ಶಾಶ್ವತ ಅಲ್ವಾ?

ಅಲ್ಲ. ಬಿಸಿ ಪ್ಲಾಸ್ಟಿಕ್ಕು ಕಾಗದದ ನಾರಿನೊಳಗೆ ಇಳಿದುಬಿಡುತ್ತದೆ. ಆಮೇಲೆ ಯಾರಿಂದಲೂ ಸುರಕ್ಷಿತವಾಗಿ ಬಿಡಿಸಲು ಆಗುವುದಿಲ್ಲ. ಕಾಗದದ ಆಮ್ಲವೂ ಒಳಗೇ ಉಳಿಯುತ್ತದೆ. ಹಲಗೆಯ ಮೇಲೆ ಒತ್ತಿ ಕೂರಿಸುವ ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಹೊಸ ಪ್ರಿಂಟ್‌ಗೆ ಮಾಡಿಸಿಕೊಳ್ಳಿ, ನನ್ನ ತಕರಾರಿಲ್ಲ.

## ಕಟ್ಟು ಹಾಕಿಸುವಾಗ

ಅಂಗಡಿಯವರಿಗೆ ಏನಂತ ಹೇಳ್ಬೇಕು? ಅವರು ನಮ್ಮ ಮಾತು ಕೇಳೋದೇ ಇಲ್ಲ.

ಕೇಳುತ್ತಾರೆ, ಮೊದಲೇ ಹೇಳಿದರೆ. ಕೆಲಸ ಮುಗಿದ ಮೇಲೆ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮೂರು ಮಾತು ಹೇಳಿ. ಚಿತ್ರವನ್ನು ಬೋರ್ಡಿಗೆ ಫೆವಿಕಾಲ್ ಹಚ್ಚಿ ಅಂಟಿಸಬೇಡಿ. ಹಾರ್ಡ್‌ಬೋರ್ಡ್ ನೇರವಾಗಿ ಚಿತ್ರಕ್ಕೆ ತಾಗಬಾರದು. ಗಾಜು ಚಿತ್ರಕ್ಕೆ ಮುಟ್ಟಬಾರದು.

ಹಾರ್ಡ್‌ಬೋರ್ಡ್ ಅಂದರೆ ಒತ್ತಿದ ಮರದ ನಾರು. ಅದರಲ್ಲಿ ಆಮ್ಲ ತುಂಬಿರುತ್ತದೆ, ಪಕ್ಕದ ಕಾಗದಕ್ಕೂ ದಾಟುತ್ತದೆ. ಹಳೇ ಚಿತ್ರದ ಬೆನ್ನ ಮೇಲೆ ಹಲಗೆಯ ಸೀಳಿನ ನೇರಕ್ಕೇ ಒಂದು ಕಂದು ಗೆರೆ ಇರುವುದನ್ನು ನೋಡಿರುತ್ತೀರಿ. ಅದು ಹೀಗೇ ಆದದ್ದು. ಹಾರ್ಡ್‌ಬೋರ್ಡ್ ಬೇಕೇ ಬೇಕು ಅಂದರೆ ಕಟ್ಟಕಡೆಯ ಪದರವಾಗಿ ಇರಲಿ. ಅದಕ್ಕೂ ಚಿತ್ರಕ್ಕೂ ನಡುವೆ ಆಮ್ಲರಹಿತ ಬೋರ್ಡ್ ಬರಲಿ. ‘ಆಸಿಡ್ ಫ್ರೀ’ ಅಂತ ಕೇಳಿ. ಹತ್ತಿ ನಾರಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಹತ್ತಿಯ ಬೋರ್ಡಿಗೆ ಬೆಂಗಳೂರಿನ ಕಲಾಸಾಮಗ್ರಿ ಅಂಗಡಿಗಳ ದಾರಿ ಕಾಯಬೇಕು. ಏನು ಮಾಡೋದು!

ಮೌಂಟ್ ಹಾಕ್ಸೋದು ಬರೀ ಚಂದಕ್ಕೆ. ಸುಮ್ನೆ ಯಾಕೆ ಖರ್ಚು?

ಚಂದ ಆಮೇಲಿನ ಮಾತು. ಮೌಂಟ್ ಅಂದರೆ ನಡುವೆ ಕಿಟಕಿಯ ಹಾಗೆ ಕತ್ತರಿಸಿ ಚಿತ್ರದ ಸುತ್ತ ಕೂರಿಸುವ ದಪ್ಪ ಬೋರ್ಡ್. ಮೌಂಟಿನ ದಪ್ಪ ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಡಿಸುತ್ತದೆ. ಬೆಳಿಗ್ಗೆ ತಂಪು, ಮಧ್ಯಾಹ್ನ ಕಾವು ಇರುವಾಗ ಗಾಜಿನ ಒಳಬದಿಗೆ ತೇವ ಕಟ್ಟಬಹುದು. ಜಾಗ ಇದ್ದರೆ ಆ ತೇವ ಚಿತ್ರಕ್ಕೆ ತಾಗುವುದಿಲ್ಲ. ಮೌಂಟ್ ಇಷ್ಟವಿಲ್ಲದಿದ್ದರೆ ಕಟ್ಟಿನ ಒಳಅಂಚಿಗೆ ಗಾಜಿನ ಕೆಳಗೆ ತೆಳ್ಳನೆಯ ಪಟ್ಟಿ ಕೊಟ್ಟು ಎತ್ತರ ಮಾಡಿಸಬಹುದು.

ಮೌಂಟನ್ನು ಓರೆಯಾಗಿ ಕತ್ತರಿಸಿದ ಅಂಚು ನೋಡಿ. ಅದು ಕಂದಾಗಿದ್ದರೆ ಬೋರ್ಡ್ ಆಮ್ಲದ್ದು. ಚಿತ್ರದ ಮೇಲೂ ಅದೇ ಚೌಕಾಕಾರದ ಸುಟ್ಟ ಗೆರೆ ಬೀಳುತ್ತಿರುತ್ತದೆ. ಕೂಡಲೇ ಬದಲಿಸಿ.

ಅಂಟಿಸದೆ ಇದ್ರೆ ಚಿತ್ರ ಒಳಗೆ ಜಾರಿ ಬೀಳಲ್ವಾ?

ಇಡೀ ಬೆನ್ನಿಗೆ ಅಂಟು ಬೇಡ ಅಂತಷ್ಟೇ ನಾನು ಹೇಳುವುದು. ಮೇಲಿನ ಅಂಚಿನ ಎರಡು ಕಡೆ ಸಣ್ಣ ಕಾಗದದ ಕೀಲು ಕೊಟ್ಟರೆ ಸಾಕು. ಕೀಲು ಅಂದರೆ ಅರ್ಧ ಚಿತ್ರದ ಬೆನ್ನಿಗೆ, ಅರ್ಧ ಹಿಂದಿನ ಬೋರ್ಡಿಗೆ ಅಂಟಿಸುವ ಪಟ್ಟಿ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲೆ ಮಾತ್ರ ಹಿಡಿದಿದ್ದರೆ ಅದು ಆರಾಮಾಗಿ ಆಡಿಕೊಂಡಿರುತ್ತದೆ. ನಾಲ್ಕೂ ಕಡೆ ಬಿಗಿದರೆ ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ.

ಕೀಲಿಗೆ ಉದ್ದ ನಾರಿನ ತೆಳು ಜಪಾನಿ ಕಾಗದ ಬಳಸುತ್ತಾರೆ. ಅಂಟು ಗೋಧಿ ಪಿಷ್ಟದ್ದು. ಇದನ್ನು ಮನೆಯಲ್ಲೇ ಮಾಡಬಹುದು. ಹಲ್ವಕ್ಕೆ ಗೋಧಿ ಹಾಲು ತೆಗೆಯುವವರಿಗೆ ಅರ್ಧ ಕೆಲಸ ಗೊತ್ತೇ ಇದೆ. ಮೈದಾ ಕಲಸಿ ನೀರಿನಲ್ಲಿ ಹಿಸುಕಿದರೆ ಅಂಟಂಟಾದ ಮುದ್ದೆ ಕೈಯಲ್ಲಿ ಉಳಿಯುತ್ತದೆ, ಬಿಳಿ ಹಾಲು ಪಾತ್ರೆಗೆ ಇಳಿಯುತ್ತದೆ. ಆ ಹಾಲಿನ ತಳದಲ್ಲಿ ಕೂತ ಪಿಷ್ಟವೇ ಬೇಕಾದದ್ದು. ಅದಕ್ಕೆ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಿ ಬೇಯಿಸಿ. ಆರಿದ ಮೇಲೆ ಸೋಸಿ ಬಳಸಿ. ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿಯಾಗುತ್ತದೆ. ಈ ಅಂಟನ್ನು ನೀರಿನ ತೇವ ಕೊಟ್ಟು ಬಿಡಿಸಬಹುದು.

ಪೋಸ್ಟರ್ ಅಂಟಿಸುವವರು, ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಹುಳ ಬರುವುದಿಲ್ಲ ನಿಜ. ಆದರೆ ಅದರಲ್ಲಿ ತಾಮ್ರ ಇದೆ. ತಾಮ್ರ ಕಾಗದವನ್ನು ಬೇಗ ಕೊಳೆಸುತ್ತದೆ. ಹಳೇ ಚಿತ್ರಕ್ಕೆ ಬೇಡವೇ ಬೇಡ.

ಕೀಲೂ ಬೇಡ ಅನಿಸುವಷ್ಟು ಚಿತ್ರ ನಾಜೂಕಾಗಿದ್ದರೆ ನಾಲ್ಕು ಮೂಲೆಗೆ ಆಮ್ಲರಹಿತ ಕಾಗದದ ಜೇಬು ಮಡಿಸಿ ಕೂರಿಸಬಹುದು, ಆಲ್ಬಮ್ಮಿನಲ್ಲಿ ಫೋಟೊ ಕೂರಿಸುತ್ತಿದ್ದ ಕ್ರಮದಲ್ಲೇ. ಆಗ ಚಿತ್ರಕ್ಕೆ ಅಂಟಿನ ಹನಿಯೂ ತಾಗುವುದಿಲ್ಲ. ಮೂಲೆಗಳೇ ಪುಡಿಯಾಗುತ್ತಿದ್ದರೆ ಮಾತ್ರ ಈ ದಾರಿ ಬಿಡಿ.

ಯಾವ ಗ್ಲಾಸ್ ಹಾಕ್ಸೋದು? ರೇಟಲ್ಲಿ ಭಾರೀ ವ್ಯತ್ಯಾಸ ಇದೆ.

ಬಣ್ಣ ತಿನ್ನುವುದು ಬೆಳಕು, ಅದರಲ್ಲೂ ಅತಿನೇರಳೆ ಕಿರಣ. ಮಾಮೂಲಿ ಗಾಜು ಅದರಲ್ಲಿ ಒಂದು ಪಾಲನ್ನಷ್ಟೇ ತಡೆಯುತ್ತದೆ. ಯುವಿ ಗ್ಲಾಸ್ ಅಂತ ಬರುವ ಒಳ್ಳೆಯ ಗಾಜು 99% ತನಕ ತಡೆಯುತ್ತದೆ. ದುಬಾರಿ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕುಂದಿಸುತ್ತದೆ, ಅದನ್ನು ಯಾವ ಗಾಜೂ ತಡೆಯುವುದಿಲ್ಲ. ಮ್ಯೂಸಿಯಂಗಳಲ್ಲಿ ಕಾಗದದ ಚಿತ್ರದ ಮೇಲೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ. ನಮ್ಮ ಹಜಾರಗಳಲ್ಲಿ ಹಗಲು ಹೊತ್ತು ಅದರ ಎಷ್ಟೋ ಪಟ್ಟು ಇರುತ್ತದೆ. ಹಾಗಾಗಿ ದುಬಾರಿ ಗಾಜು ಹಾಕಿ ಕಿಟಕಿ ಎದುರು ನೇತುಹಾಕುವುದಕ್ಕಿಂತ, ಮಾಮೂಲಿ ಗಾಜು ಹಾಕಿ ಬಿಸಿಲು ಬರದ ಗೋಡೆ ಹುಡುಕುವುದು ಜಾಣತನ.

ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ. ದೊಡ್ಡ ಚಿತ್ರಗಳಿಗೆ ಒಳ್ಳೆಯದು. ಇದ್ದಿಲು, ಪೇಸ್ಟಲ್ ಚಿತ್ರಗಳಿಗೆ ಮಾತ್ರ ಹಾಕಬೇಡಿ. ಒರೆಸಿದಾಗ ಅದರಲ್ಲಿ ವಿದ್ಯುತ್ ಹುಟ್ಟಿ ಪುಡಿಯನ್ನು ಎಳೆದುಕೊಳ್ಳುತ್ತದೆ. ದೃಶ್ಯಕಲಾ ಕಾಲೇಜಿನ ಹುಡುಗರು ತಮ್ಮ ಇದ್ದಿಲು ಚಿತ್ರ ತಂದಾಗಲೆಲ್ಲ ಇದನ್ನೇ ಹೇಳುತ್ತೇನೆ.

ದೇವರ ಕೋಣೇಲಿ ಇದ್ದದ್ದು ಅಲ್ಲೇ ಇರಬೇಕು ಅಂತಾರೆ ಅಮ್ಮ. ಏನ್ ಮಾಡೋದು?

ಇದು ಕಷ್ಟದ ಪ್ರಶ್ನೆ. ಅಮ್ಮನ ಜೊತೆ ವಾದ ಮಾಡಿ ಗೆದ್ದವರಿಲ್ಲ. ದೀಪದ ಎಣ್ಣೆ ಹೊಗೆ, ಕರ್ಪೂರ, ಊದುಬತ್ತಿ ಮೂರೂ ಗಾಜಿನ ಮೇಲೆ ಜಿಡ್ಡು ಕಟ್ಟಿಸುತ್ತವೆ. ಕಟ್ಟಿನ ಸಂದಿಯಿಂದ ಒಳಗೂ ಹೋಗುತ್ತವೆ. ಗಾಜಿನ ಮೇಲಿಟ್ಟ ಗಂಧ, ಕುಂಕುಮ ನೀರಿನ ಜೊತೆ ಕೆಳಗಿಳಿದು ಕಟ್ಟಿನ ಮೂಲೆಯಲ್ಲಿ ಕೂರುತ್ತದೆ. ಅಲ್ಲಿಂದ ಕಾಗದ ಹೀರಿಕೊಳ್ಳುತ್ತದೆ. ಹಳೇ ದೇವರ ಚಿತ್ರಗಳ ಕೆಳಅಂಚು ಕೆಂಪಾಗಿ ಕೊಳೆತಿರುವುದು ಇದರಿಂದಲೇ. ಹೂವಿನ ಹಾರದ ನೀರೂ ಸೇರಿದರೆ ಕೇಳಲೇಬೇಡಿ.

ಮೂಲ ಚಿತ್ರದ ಒಳ್ಳೆಯ ಪ್ರತಿ ಮಾಡಿಸಿ, ಹಳೇ ಕಟ್ಟಿಗೇ ಹಾಕಿ, ಅದನ್ನು ಪೂಜೆಗೆ ಇಡಿ ಅನ್ನುವುದು ನನ್ನ ಸಲಹೆ. ಎಷ್ಟೋ ಮನೆಗಳಲ್ಲಿ ಒಪ್ಪಿದ್ದಾರೆ. ಒಪ್ಪದಿದ್ದರೆ ಗಾಜು ಮತ್ತು ಕಟ್ಟಿನ ಸಂದಿಯನ್ನು ಒಳಗಿನಿಂದ ಟೇಪಿನಲ್ಲಿ ಮುಚ್ಚಿಸಿ, ಟೇಪ್ ಚಿತ್ರಕ್ಕೆ ತಾಗದಿರಲಿ. ದೀಪವನ್ನು ಒಂದು ಮೊಳ ಮುಂದೆ ತನ್ನಿ. ಕುಂಕುಮವನ್ನು ಗಾಜಿನ ಬದಲು ಕಟ್ಟಿನ ಮರಕ್ಕೆ ಇಡಬಹುದಾ ಅಂತ ಕೇಳಿ ನೋಡಿ. ಬಹಳ ಅಮ್ಮಂದಿರು ಅಷ್ಟಕ್ಕೆ ಒಪ್ಪುತ್ತಾರೆ.

ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ, ನೇರ ಗಾಜಿಗೆ ಸಿಂಪಡಿಸಬೇಡಿ.

ಯಾವ ಗೋಡೆಗೆ ಹಾಕಿದ್ರೆ ಒಳ್ಳೇದು?

ಮನೆಯ ಒಳಗಿನ ಗೋಡೆಗೆ. ಹೊರಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಬಚ್ಚಲ ಗೋಡೆ ವರ್ಷಪೂರ್ತಿ. ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ಕಡೆ ಹವೆ ಒಣಗಿದ್ದು, ಇಲ್ಲಿ ಧೂಳು ಮತ್ತು ಶಾಖದ ಕಾಟ ಜಾಸ್ತಿ. ಚನ್ನಗಿರಿ ಕಡೆಯ ತೋಟದ ಮನೆಗಳಿಗೆ ಮಲೆನಾಡಿನ ಗಾಳಿ ತಾಗುತ್ತದೆ, ಅಲ್ಲಿಂದ ಬರುವ ಚಿತ್ರಗಳಲ್ಲಿ ಬೂಷ್ಟು ಹೆಚ್ಚು.

ಎಲ್ಲೇ ಇರಲಿ, ಕಟ್ಟಿನ ಹಿಂಭಾಗದ ಕೆಳಗಿನ ಎರಡು ಮೂಲೆಗೆ ರಬ್ಬರ್ ಇಲ್ಲವೇ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಗೆದ್ದಲು ಗೋಡೆಯಿಂದ ಕಟ್ಟಿಗೆ ಹತ್ತುವ ದಾರಿಯೂ ಕಣ್ಣಿಗೆ ಬೀಳುತ್ತದೆ. ಹಬ್ಬಕ್ಕೆ ಮನೆ ತೊಳೆಯುವಾಗ ಎಲ್ಲ ಚಿತ್ರ ಇಳಿಸಿ ಬೆನ್ನು ನೋಡುವ ರೂಢಿ ಇಟ್ಟುಕೊಳ್ಳಿ. ಹೊಸದಾಗಿ ಸುಣ್ಣ, ಬಣ್ಣ ಹೊಡೆಸಿದ ಗೋಡೆಗೆ ಕೆಲವು ವಾರ ಏನೂ ಹಾಕಬೇಡಿ.

## ಇನ್ನಷ್ಟು ಆಳದವು

ಜರಿ, ಮಿಂಚು, ಬಟ್ಟೆ ಅಂಟಿಸಿದ ಹಳೇ ಲಕ್ಷ್ಮಿ ಚಿತ್ರ. ಮಿಂಚು ಉದುರ್ತಾ ಇದೆ.

ಮುದ್ರಿತ ಚಿತ್ರಕ್ಕೆ ಮನೆಯ ಹೆಣ್ಣುಮಕ್ಕಳು ರೇಷ್ಮೆ ತುಂಡಿನ ಸೀರೆ ಉಡಿಸಿ, ಜರಿ ಹಚ್ಚಿ ಅಲಂಕಾರ ಮಾಡುತ್ತಿದ್ದರು. ಈ ಕೈಕೆಲಸ ಚಿತ್ರಕ್ಕಿಂತ ಅಪರೂಪದ್ದು. ಉದುರಿದ ಮಿಂಚನ್ನು ಒಂದು ಲಕೋಟೆಗೆ ಹಾಕಿ ಚಿತ್ರದ ಜೊತೆಗೇ ಇಡಿ. ಇದಕ್ಕೆ ಆಳದ ಪೆಟ್ಟಿಗೆ ಕಟ್ಟು ಬೇಕು. ಗಾಜು ಕನಿಷ್ಠ ಅರ್ಧ ಇಂಚು ದೂರ ಇರಲಿ. ಮಲಗಿಸಿಯೇ ಸಾಗಿಸಿ, ಬೆನ್ನು ತಟ್ಟಬೇಡಿ.

ಮೈಸೂರು ಶೈಲಿಯ ಚಿತ್ರಕ್ಕೂ ಇದೇ ಮಾತು. ಅದರ ಒಡವೆಗಳು ಉಬ್ಬಿರುವುದು ಗೆಸ್ಸೋ ಲೇಪದಿಂದ, ಮೇಲೆ ಚಿನ್ನದ ರೇಕು. ಒಣಹವೆಯಲ್ಲಿ ಲೇಪ ಬಿರುಕು ಬಿಡುತ್ತದೆ. ಬಟ್ಟೆಯಿಂದ ಒರೆಸಿದರೆ ರೇಕು ಬಟ್ಟೆಗೇ ಬರುತ್ತದೆ.

ನಾಟಕ ಕಂಪನಿ ಹಳೇ ಪೋಸ್ಟರ್ ಸಿಕ್ಕಿದೆ. ಎಂಟು ಮಡಿಕೆ. ಇಸ್ತ್ರಿ ಹಾಕ್ಲಾ?

ಇಸ್ತ್ರಿಯನ್ನು ದೂರ ಇಡಿ! ಬಿಸಿ ಕಾಗದದ ಕಡೆಯ ತೇವವನ್ನೂ ಎಳೆದುಬಿಡುತ್ತದೆ.

ಚಿಂದೋಡಿ ಮನೆತನದ ಕೆಬಿಆರ್ ನಾಟಕ ಕಂಪನಿಯ ಊರು ಇದು. ಇಲ್ಲಿ ಅಟ್ಟದ ಮೇಲೆ ನಾಟಕದ ಪೋಸ್ಟರ್, ಹ್ಯಾಂಡ್‌ಬಿಲ್ ಸಿಗುವುದು ಆಶ್ಚರ್ಯ ಅಲ್ಲ. ಅವನ್ನು ನಾಲ್ಕು ದಿನ ಗೋಡೆಯ ಮೇಲಿದ್ದರೆ ಸಾಕು ಅಂತ ತೀರಾ ಅಗ್ಗದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ಗುಲಾಬಿ, ಹಸಿರು ಬಣ್ಣದ ಕಾಗದವಾದರೆ ನೀರು ತಾಗಿದ ಕೂಡಲೇ ಬಣ್ಣ ಬಿಡುತ್ತದೆ.

ಮಡಿಕೆ ಬಿಡಿಸಲು ತೇವದ ಗಾಳಿ ಸಾಕು, ನೀರು ಬೇಡ. ದೊಡ್ಡ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ ಹಾಸಿ. ಅದರ ಮೇಲೆ ಜಾಲರಿ ಇಡಿ. ಜಾಲರಿಯ ಮೇಲೆ ಪೋಸ್ಟರ್. ಮುಚ್ಚಿಟ್ಟು ಆಗಾಗ ನೋಡುತ್ತಿರಿ. ಕೆಲವು ಗಂಟೆಯಲ್ಲಿ ಕಾಗದ ಮೆತ್ತಗಾಗುತ್ತದೆ. ಆಗ ಮೆಲ್ಲಗೆ ಬಿಡಿಸಿ, ಎರಡು ಒತ್ತುಕಾಗದಗಳ ನಡುವೆ ಇಟ್ಟು ಮೇಲೆ ಸಮನಾದ ಭಾರ ಹೇರಿ. ರಾತ್ರಿಯಿಡೀ ಡಬ್ಬಿಯಲ್ಲಿ ಬಿಟ್ಟು ಮರೆತರೆ ಬೂಷ್ಟು ಬರಬಹುದು. ಮೊದಲು ಒಂದು ಮೂಲೆಗೆ ಹತ್ತಿಕಡ್ಡಿಯಿಂದ ಹನಿ ನೀರು ಮುಟ್ಟಿಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಈ ಪ್ರಯೋಗವೂ ಬೇಡ.

ಇಷ್ಟು ಬಡಕಲು ಕಾಗದವನ್ನು ಗೋಡೆಗೆ ಹಾಕುವುದಕ್ಕಿಂತ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚು ಮುಚ್ಚಿ, ಚಪ್ಪಟೆಯಾಗಿ ಇಡುವುದು ಮೇಲು. ಕಾಗದ ಹಾಳೆಗೆ ಅಂಟಿರುವುದಿಲ್ಲ, ಅಂಚು ಕತ್ತರಿಸಿದರೆ ಹೊರಗೆ ಬರುತ್ತದೆ. ಲ್ಯಾಮಿನೇಷನ್ನಿಗೂ ಇದಕ್ಕೂ ವ್ಯತ್ಯಾಸ ಅಷ್ಟೇ. ಪಿವಿಸಿ ಹಾಳೆ ಮಾತ್ರ ಬೇಡ, ಅದರಿಂದ ಆಮ್ಲದ ಆವಿ ಬರುತ್ತದೆ.

ಹಿಂದೆ ಯಾರೋ ಸೆಲ್ಲೋಟೇಪ್ ಹಚ್ಚಿದ್ದಾರೆ. ಕಿತ್ತು ಹಾಕ್ಲಾ?

ಟೇಪಿನ ಪ್ಲಾಸ್ಟಿಕ್ ಒಣಗಿ ತಾನೇ ಬಿದ್ದಿದ್ದರೆ ತೆಗೆಯಿರಿ. ಇನ್ನೂ ಹಿಡಿದಿದ್ದರೆ ಕೀಳಬೇಡಿ, ಕಾಗದದ ಪದರವೇ ಎದ್ದು ಬರುತ್ತದೆ. ಉಳಿದ ಕಂದು ಕಲೆ ಅಂಟು ಕಾಗದಕ್ಕೆ ಇಳಿದದ್ದು. ಅದನ್ನು ತೆಗೆಯಲು ರಾಸಾಯನಿಕ ಬೇಕು, ಶಾಯಿಯನ್ನೂ ಅದು ಕರಗಿಸಬಹುದು. ಪರಿಣತರಿಗೆ ಬಿಡಿ.

ಕಂದು ಚುಕ್ಕೆ ಬಂದಿವೆ. ಬ್ಲೀಚ್ ಮಾಡಿದ್ರೆ ಹೋಗುತ್ತಾ?

ಚುಕ್ಕೆ ಹೋಗಬಹುದು, ಹಿಂದೆಯೇ ಕಾಗದವೂ ಹೋಗುತ್ತದೆ. ಈ ಚುಕ್ಕೆಗಳು ಬೂಷ್ಟಿನಿಂದ, ಇಲ್ಲವೇ ಕಾಗದದೊಳಗಿನ ಕಬ್ಬಿಣದ ಕಣಗಳಿಂದ ಬರುತ್ತವೆ. ತೇವ ತಪ್ಪಿಸಿದರೆ ಹೆಚ್ಚುವುದು ನಿಲ್ಲುತ್ತದೆ. ಗಾಳಿಯ ತೇವ 65% ದಾಟಿದರೆ ಬೂಷ್ಟಿಗೆ ಹಬ್ಬ. ಜೀವಂತ ಬೂಷ್ಟು ನಯವಾಗಿ, ರೋಮದಂತೆ ಕಾಣುತ್ತದೆ. ಚಿತ್ರವನ್ನು ಒಣಗಾಳಿ ಇರುವ ನೆರಳಿಗೆ ತನ್ನಿ. ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಹೊರಗೆ ಕೂತು, ಮೆತ್ತನೆಯ ಬ್ರಷ್‌ನಿಂದ ಸವರಿ ತೆಗೆಯಿರಿ. ಬಿಸಿಲಿಗೆ ಇಡಬೇಡಿ.

ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯವರು ತರುವ ಚಿತ್ರಗಳಲ್ಲಿ ಮಸಿ ಇರುತ್ತದೆ. ಅದು ಬೇರೆ ಕಥೆ. ಮಸಿಯನ್ನು ಬೆರಳಿನಿಂದಾಗಲಿ ಒದ್ದೆ ಬಟ್ಟೆಯಿಂದಾಗಲಿ ಮುಟ್ಟಿದರೆ ಒಳಗೆ ಇಳಿಯುತ್ತದೆ. ಒಣ ರಬ್ಬರ್ ಸ್ಪಂಜನ್ನು ಒತ್ತಿ ಎತ್ತಬೇಕು, ಉಜ್ಜಬಾರದು.

ಬೆಳ್ಳಿ ಹುಳ ತಿಂದಿದೆ. ನುಸಿ ಗುಳಿಗೆ ಹಾಕಿದ್ರೆ ಸಾಕಾ?

ಗುಳಿಗೆಯ ವಾಸನೆ ನಮಗೂ ಒಳ್ಳೆಯದಲ್ಲ, ಒಳಗೆ ಇರುವ ಹುಳವನ್ನು ಕೊಲ್ಲುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಕಟ್ಟಿಲ್ಲದ ಬಿಡಿ ಕಾಗದವನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿ ಇರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕಟ್ಟುತ್ತದೆ. ಗೆಸ್ಸೋ, ದಪ್ಪ ಬಣ್ಣ, ಫೋಟೊ, ಗಾಜು ಇರುವುದಕ್ಕೆ ಇದು ಸಲ್ಲ.

ಆಮ್ಲ ತೆಗೆಯೋ ಸ್ಪ್ರೇ ಅಂತ ಇದೆಯಂತೆ. ಹೊಡೀಬಹುದಾ?

ಇದೆ. ಮೆಗ್ನೀಷಿಯಂ ಇಲ್ಲವೇ ಕ್ಯಾಲ್ಸಿಯಂ ಸಂಯುಕ್ತವನ್ನು ಕಾಗದಕ್ಕೆ ಸೇರಿಸಿ ಆಮ್ಲ ಅಡಗಿಸುತ್ತದೆ. ಪುಸ್ತಕ, ದಾಖಲೆಗೆ ಸರಿ. ಚಿತ್ರಕ್ಕೆ ಹೊಡೆದರೆ ಕೆಲವು ಬಣ್ಣಗಳು ಬದಲಾಗುತ್ತವೆ. ಮುರಿಯುವ ಹಂತಕ್ಕೆ ಬಂದ ಕಾಗದಕ್ಕೆ ಬಲವೂ ಮರಳುವುದಿಲ್ಲ.

ಇದೇ ಕಾರಣಕ್ಕೆ ಬೋರ್ಡ್ ಆರಿಸುವಾಗಲೂ ಒಂದು ಎಚ್ಚರ ಬೇಕು. ಆಮ್ಲರಹಿತ ಬೋರ್ಡಿನಲ್ಲಿ ಕೆಲವಕ್ಕೆ ಸುಣ್ಣದ ಅಂಶ ಸೇರಿಸಿರುತ್ತಾರೆ. ಸಾಧಾರಣ ಚಿತ್ರಕ್ಕೆ ಅದು ಒಳ್ಳೆಯದು. ಗಿರಣಿಯದ್ದೋ ಹಳೇ ಮನೆಯದ್ದೋ ನೀಲಿ ನಕ್ಷೆ ಇದ್ದರೆ ಸುಣ್ಣವಿಲ್ಲದ ಬೋರ್ಡ್ ಕೇಳಿ. ಆ ನೀಲಿಯನ್ನು ಸುಣ್ಣದ ಕ್ಷಾರ ಮಾಸಿಸುತ್ತದೆ.

ಯಾವಾಗ ಪರಿಣತರ ಹತ್ತಿರ ಹೋಗ್ಬೇಕು? ಇಲ್ಲಿ ಯಾರಿದ್ದಾರೆ?

ಗಾಜಿಗೆ ಅಂಟಿದ್ದರೆ, ಬಣ್ಣ ಪದರ ಏಳುತ್ತಿದ್ದರೆ, ಹಲಗೆಗೆ ಪೂರ್ತಿ ಅಂಟಿಸಿದ್ದನ್ನು ಬಿಡಿಸಬೇಕಿದ್ದರೆ, ತುಂಡಾಗಿದ್ದರೆ. ಇವು ನನ್ನಂಥ ಕಟ್ಟು ಹಾಕುವವರ ಕೆಲಸ ಅಲ್ಲ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಮೊದಲು ಫೋಟೊ ಕಳಿಸಿ, ಖರ್ಚು ಕೇಳಿಕೊಂಡು ಆಮೇಲೆ ಒಯ್ಯಿರಿ. ಸುತ್ತಿ ಕೊಳವೆಗೆ ತುರುಕಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು, ಬಸ್ಸಾದರೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಡಿಕ್ಕಿಗೆ ಹಾಕಬೇಡಿ, ಅಲ್ಲಿ ಕುದಿಯುತ್ತಿರುತ್ತದೆ.

ಮನೆ ಪಾಲಾಗ್ತಾ ಇದೆ. ಅಣ್ಣತಮ್ಮಂದಿರು ಮೂರೂ ಜನಕ್ಕೆ ಒಂದೇ ಚಿತ್ರ ಬೇಕು.

ಮೂಲ ಒಬ್ಬರ ಹತ್ತಿರ ಇರಲಿ, ಉಳಿದವರಿಗೆ ಪ್ರತಿ. ಬಡಕಲು ಕಾಗದವನ್ನು ಸ್ಕ್ಯಾನರಿನ ಮುಚ್ಚಳದ ಕೆಳಗೆ ಒತ್ತಿಸಬೇಡಿ. ಚಿತ್ರವನ್ನು ಚಪ್ಪಟೆಯಾಗಿ ಇಟ್ಟು, ಎರಡು ಬದಿಯಿಂದ 45 ಡಿಗ್ರಿ ಓರೆಯಲ್ಲಿ ಬೆಳಕು ಕೊಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಸಿ. ಗಟ್ಟಿ ಕಾಗದವಾದರೆ 600 ಡಿಪಿಐ ಸ್ಕ್ಯಾನ್ ಮಾಡಿಸಿ, ಟಿಫ್ ಫೈಲ್ ಕೇಳಿ ಪಡೆಯಿರಿ. ಬಣ್ಣದ ಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆಸಿದರೆ ಪ್ರಿಂಟಿನಲ್ಲಿ ಬಣ್ಣ ಹೊಂದಿಸುವುದು ಸುಲಭ. ಮೂಲ ಯಾರಿಗೆ ಅನ್ನುವುದನ್ನು ನೀವೇ ತೀರ್ಮಾನಿಸಿಕೊಳ್ಳಿ. ಯಾರ ಮನೆಯಲ್ಲಿ ಬಿಸಿಲು ಬೀಳದ ಒಳಗೋಡೆ ಇದೆಯೋ ಅವರಿಗೆ ಕೊಡಿ ಅಂತ ಮಾತ್ರ ನಾನು ಹೇಳಬಲ್ಲೆ.